ಸಂಬಳ ಕೊಟ್ಟರೆ ಸಾಲದು, ಬರೆದೂ ಇಡಿ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆ ವಾರ ಟಿವಿ ಚರ್ಚೆಯೆಲ್ಲ ಎರಡೇ ಪ್ರಶ್ನೆಗಳ ಸುತ್ತ ಸುತ್ತಿತು. ಐಟಿ ಕಂಪನಿಯವರ ಕೈಗೆ ಬರುವ ಸಂಬಳ ಕಡಿಮೆಯಾಗುತ್ತದಾ? ದೊಡ್ಡ ಕಾರ್ಖಾನೆಗಳು ಇನ್ನು ಕಾರ್ಮಿಕರನ್ನು ಸುಲಭವಾಗಿ ತೆಗೆಯಬಹುದಾ? ನಮ್ಮ ಹೋಬಳಿಗಳಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ. ಕಾರ್ಮಿಕ ಕಾನೂನು ಅಂದರೆ ಪೀಣ್ಯದ ಕಾರ್ಖಾನೆಗಳಿಗೆ ಸೇರಿದ್ದು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು.

ಒಮ್ಮೆ ನಿಮ್ಮ ಊರ ಸುತ್ತ ಕಣ್ಣಾಡಿಸಿ. ಅಕ್ಕಿ ಗಿರಣಿ, ಇಟ್ಟಿಗೆ ಗೂಡು, ಕೋಳಿ ಫಾರಂ, ರೇಷ್ಮೆ ನೂಲು ತೆಗೆಯುವ ಘಟಕ, ಬೋರ್‌ವೆಲ್ ಲಾರಿ, ಬಸ್ ನಿಲ್ದಾಣದ ಎದುರಿನ ಹೋಟೆಲ್, ಜವಳಿ ಅಂಗಡಿ, ಖಾಸಗಿ ಶಾಲೆ, ನರ್ಸಿಂಗ್ ಹೋಂ. ಇವನ್ನು ನಡೆಸುವವರನ್ನು ನಾವು ಧಣಿ, ಸಾಹುಕಾರ, ಓನರ್ ಎಂದೆಲ್ಲ ಕರೆಯುತ್ತೇವೆ. ಕಾನೂನು ಅವರನ್ನು ಉದ್ಯೋಗದಾತರು ಅನ್ನುತ್ತದೆ. ನಾಟಿಗೆ ಇಬ್ಬರನ್ನು ಕೂಲಿಗೆ ಕರೆಯುವ ರೈತನೂ ಅಷ್ಟರ ಮಟ್ಟಿಗೆ ಉದ್ಯೋಗದಾತನೇ.

ಈ ಸಲ ನಾವು ಬರೆಯುತ್ತಿರುವುದು ಈ ಸಣ್ಣ ಮಾಲೀಕರಿಗಾಗಿ. ಹೊಸ ಕಾನೂನು ಅವರಿಂದ ಮುಖ್ಯವಾಗಿ ಕೇಳುವುದು ಒಂದೇ: ಬಾಯಿಮಾತಿನ ವ್ಯವಹಾರವನ್ನು ಬರಹಕ್ಕೆ ತನ್ನಿ. ಇದರಿಂದ ಕೆಲಸಗಾರರಿಗೆ ಲಾಭವಿದೆ, ಅದು ಎಲ್ಲರಿಗೂ ಗೊತ್ತು. ಸರಿಯಾಗಿ ಕೂಲಿ ಕೊಡುವ ಮಾಲೀಕನಿಗೂ ಇದೇ ಕಾವಲು ಎಂಬುದು ನಮ್ಮ ಅಭಿಪ್ರಾಯ. ಯಾಕೆ ಅನ್ನುವುದನ್ನು ಲೆಕ್ಕ ಸಮೇತ ಹೇಳುತ್ತೇವೆ.

ಏನು ಬದಲಾಯಿತು?

ಮೊದಲು ಕೇಂದ್ರ ಸರ್ಕಾರದ 29 ಕಾರ್ಮಿಕ ಕಾನೂನುಗಳಿದ್ದವು. ಕನಿಷ್ಠ ಕೂಲಿಗೆ ಒಂದು, ಬೋನಸ್‌ಗೆ ಒಂದು, ಪಿಎಫ್‌ಗೆ ಒಂದು, ಗ್ರಾಚ್ಯುಟಿಗೆ ಇನ್ನೊಂದು. ಈಗ ಅವೆಲ್ಲ ನಾಲ್ಕು ಸಂಹಿತೆಗಳಲ್ಲಿ ಸೇರಿವೆ: ವೇತನ ಸಂಹಿತೆ, ಕೈಗಾರಿಕಾ ಸಂಬಂಧ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಮತ್ತು ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ಹಾಗೂ ಸ್ಥಿತಿಗತಿಯ ಸಂಹಿತೆ. ಮೊದಲನೆಯದು ಸಂಸತ್ತಿನಲ್ಲಿ ಪಾಸಾದದ್ದು 2019ರಲ್ಲಿ, ಉಳಿದ ಮೂರು 2020ರಲ್ಲಿ. ಜಾರಿಗೆ ಬರಲು ಐದು ವರ್ಷ ಹಿಡಿಯಿತು.

ಎರಡು ವಿಷಯ ನೆನಪಿಡಿ. ಹೊಸ ನಿಯಮಗಳು ಬರುವವರೆಗೆ ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಆದ್ದರಿಂದ ನಿಯಮ ಬಂದಿಲ್ಲ, ಕಾನೂನೂ ಇಲ್ಲ ಎಂದುಕೊಂಡು ಕೂರುವಂತಿಲ್ಲ. ಎರಡನೆಯದು, ರಾಜ್ಯದ ಕಾನೂನುಗಳು ಹಾಗೆಯೇ ಇವೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಈಗಲೂ ನಿಮ್ಮ ಅಂಗಡಿಗೆ ಅನ್ವಯಿಸುತ್ತದೆ.

ಕೊಟ್ಟವನು ಕೋಡಂಗಿ ಆಗಬಾರದು

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಎಲ್ಲರಿಗೂ ಗೊತ್ತು. ವೇತನ ಸಂಹಿತೆಯ 59ನೇ ಕಲಂ ಓದಿದಾಗ ನಮಗೆ ನೆನಪಾದದ್ದು ಇದೇ.

ಕೆಲಸಗಾರರೊಬ್ಬರು ತನಗೆ ಕೂಲಿ ಬಂದಿಲ್ಲ, ಅಥವಾ ಕಡಿಮೆ ಬಂದಿದೆ ಎಂದು ಅರ್ಜಿ ಹಾಕಿದರು ಅಂದುಕೊಳ್ಳಿ. ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಕೆಲಸಗಾರ ಅರ್ಜಿ ಹಾಕಲು ಮೂರು ವರ್ಷದವರೆಗೆ ಅವಕಾಶವಿದೆ. ಮಾಲೀಕನ ಬಳಿ ಲೆಕ್ಕ ಇಲ್ಲದಿದ್ದರೆ ಬಾಕಿ ಕೂಲಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟರೆ 50 ಸಾವಿರ ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬರೀ ಲೆಕ್ಕ ಇಟ್ಟಿಲ್ಲ ಎಂಬುದಕ್ಕೇ 10 ಸಾವಿರದವರೆಗೆ ದಂಡ ಬೀಳಬಹುದು.

ಇದು ಅನ್ಯಾಯ ಅಂತ ಮಾಲೀಕರಿಗೆ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಕೂಲಿ ಬಂದಿಲ್ಲ ಎಂಬುದಕ್ಕೆ ಕೆಲಸಗಾರ ಯಾವ ಕಾಗದ ತಂದಾನು? ಬರದೇ ಇದ್ದುದಕ್ಕೆ ರಸೀದಿ ಇರುವುದಿಲ್ಲ. ಕೊಟ್ಟವನ ಕೈಯಲ್ಲಿ ಮಾತ್ರ ದಾಖಲೆ ಇರಲು ಸಾಧ್ಯ. ಆದ್ದರಿಂದ ಕಾನೂನು ಅವನನ್ನೇ ಕೇಳುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ದಪ್ಪ ರಟ್ಟಿನ ಒಂದು ಪುಸ್ತಕ ಸಾಕು. ಹೆಸರು, ಕೆಲಸಕ್ಕೆ ಸೇರಿದ ದಿನ, ಯಾವ್ಯಾವ ದಿನ ಬಂದರು, ಎಷ್ಟು ಗಂಟೆ ಹೆಚ್ಚು ಮಾಡಿದರು, ಎಷ್ಟು ಕೊಟ್ಟಿರಿ, ಮುಂಗಡಕ್ಕೆ ಎಷ್ಟು ಹಿಡಿದಿರಿ, ಕೊನೆಯಲ್ಲಿ ಅವರ ಸಹಿ ಅಥವಾ ಹೆಬ್ಬೆಟ್ಟು. ನಗದಾಗಿ ಕೊಡುವುದಕ್ಕೆ ಅಡ್ಡಿಯಿಲ್ಲ. ಆದರೆ ಫೋನ್‌ಪೇಯಲ್ಲೋ ಬ್ಯಾಂಕ್ ಖಾತೆಗೋ ಹಾಕಿದರೆ ದಾಖಲೆ ತಾನಾಗಿಯೇ ಉಳಿಯುತ್ತದೆ. ಜೊತೆಗೆ ಪ್ರತಿಯೊಬ್ಬರಿಗೂ ಸಂಬಳ ಚೀಟಿ ಕೊಡಬೇಕು.

ಹೊಲಕ್ಕೋ ಮನೆಗೆಲಸಕ್ಕೋ ಐದು ಜನರವರೆಗೆ ಕೆಲಸಕ್ಕೆ ಇಟ್ಟುಕೊಂಡವರಿಗೆ ಈ ರಿಜಿಸ್ಟರ್, ಚೀಟಿಗಳಿಂದ ವಿನಾಯಿತಿ ಇದೆ. ಆದರೂ ಅಧಿಕಾರಿ ಕೇಳಿದರೆ ಕೂಲಿ ಕೊಟ್ಟದ್ದಕ್ಕೆ ಸರಿಯಾದ ಪುರಾವೆ ತೋರಿಸಬೇಕು. ಅಂದರೆ ರೈತರಿಗೂ ಕ್ಯಾಲೆಂಡರ್ ಮೇಲೆ ಗುರುತು ಹಾಕುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದು ಒಳ್ಳೆಯದು.

ಬಟವಾಡೆ ಯಾವಾಗ?

ಇದರ ಲೆಕ್ಕ ಈಗ ಸ್ಪಷ್ಟವಾಗಿದೆ. ದಿನಗೂಲಿಯಾದರೆ ಅಂದಿನ ಕೆಲಸ ಮುಗಿದಾಗ. ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ. ಹದಿನೈದು ದಿನಕ್ಕೊಮ್ಮೆಯಾದರೆ ಅವಧಿ ಮುಗಿದ ಎರಡು ದಿನದೊಳಗೆ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ.

ನಮ್ಮ ಕಡೆ ಹೆಚ್ಚು ಜಗಳ ಆಗುವುದು ಕೆಲಸ ಬಿಟ್ಟವರ ಬಾಕಿಯ ವಿಷಯದಲ್ಲಿ. ಮುಂದಿನ ತಿಂಗಳು ಬಾ, ಹಬ್ಬ ಕಳೆದ ಮೇಲೆ ಬಾ ಎಂದು ಓಡಾಡಿಸುವುದು ಹಲವು ಕಡೆ ರೂಢಿ. ಇನ್ನು ಅದು ನಡೆಯುವುದಿಲ್ಲ. ನೀವೇ ತೆಗೆದರೂ, ಅವರೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಮಾಡಬೇಕು.

ನಿಗದಿತ ಸಮಯಕ್ಕಿಂತ ಹೆಚ್ಚು ದುಡಿಸಿಕೊಂಡರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ದೀಪಾವಳಿ ವ್ಯಾಪಾರಕ್ಕೆ ರಾತ್ರಿ ಹತ್ತರವರೆಗೆ ಹುಡುಗರನ್ನು ನಿಲ್ಲಿಸಿಕೊಳ್ಳುವ ಜವಳಿ ಅಂಗಡಿಯವರು ಇದನ್ನು ಗಮನಿಸಿ. ಒಂದು ಊಟ, ಒಂದು ಜೊತೆ ಬಟ್ಟೆ ಕೊಟ್ಟರೆ ಅದು ನಿಮ್ಮ ಪ್ರೀತಿ. ಓವರ್‌ಟೈಮ್ ಲೆಕ್ಕ ಅದರಿಂದ ಮುಗಿಯುವುದಿಲ್ಲ.

ಇನ್ನೊಂದು ದೊಡ್ಡ ಬದಲಾವಣೆ ಕನಿಷ್ಠ ಕೂಲಿಯದು. ಮೊದಲು ಸರ್ಕಾರ ಪಟ್ಟಿ ಮಾಡಿದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ಕೂಲಿ ಇತ್ತು. ಈಗ ಎಲ್ಲ ಕೆಲಸಕ್ಕೂ ಇದೆ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಬದಲಾಗುವುದರಿಂದ ವರ್ಷಕ್ಕೊಮ್ಮೆ ಹೊಸ ದರ ನೋಡಿಕೊಳ್ಳಲೇಬೇಕು.

ಗಂಡಾಳು, ಹೆಣ್ಣಾಳು

ನಮ್ಮ ಹೊಲಗಳಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಕೂಲಿ ಎಂಬುದು ಯಾರೂ ಪ್ರಶ್ನೆ ಮಾಡದ ಪದ್ಧತಿ. ಒಂದೇ ಕೆಲಸಕ್ಕೆ, ಅಥವಾ ಒಂದೇ ತರಹದ ಕೆಲಸಕ್ಕೆ ಹೆಣ್ಣು, ಗಂಡು ಎಂದು ಬೇರೆ ಕೂಲಿ ಕೊಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ವೇತನ ಸಂಹಿತೆ ಅದನ್ನೇ ಮತ್ತೆ ಹೇಳಿದೆ. ಗಂಡಸರ ಕೂಲಿ ಇಳಿಸಿ ಸಮ ಮಾಡುವುದಕ್ಕೂ ಅವಕಾಶವಿಲ್ಲ.

ಗಂಡಸರ ಕೆಲಸ ಭಾರದ್ದು ಎಂಬ ವಾದ ಬರುತ್ತದೆ. ಗೊಬ್ಬರದ ಮೂಟೆ ಹೊರುವುದು ಮತ್ತು ಕಳೆ ಕೀಳುವುದು ಬೇರೆ ಬೇರೆ ಕೆಲಸ, ಒಪ್ಪುತ್ತೇವೆ. ಆದರೆ ಒಂದೇ ಸಾಲಿನಲ್ಲಿ ನಿಂತು ಶೇಂಗಾ ಕೀಳುವಾಗ, ಒಂದೇ ತಟ್ಟೆಯಿಂದ ಮೆಣಸಿನಕಾಯಿ ಆರಿಸುವಾಗ, ಒಂದೇ ಗೂಡಿನಲ್ಲಿ ಇಟ್ಟಿಗೆ ಜೋಡಿಸುವಾಗ ವ್ಯತ್ಯಾಸ ಎಲ್ಲಿಂದ ಬಂತು? ಆ ವ್ಯತ್ಯಾಸಕ್ಕೆ ಕಾರಣ ರೂಢಿ ಮಾತ್ರ. ಲೆಕ್ಕದ ಪುಸ್ತಕದಲ್ಲಿ ಕೆಲಸದ ಹೆಸರು, ಪಕ್ಕದಲ್ಲಿ ಕೂಲಿ ಎಂದು ಬರೆಯಲು ಶುರು ಮಾಡಿದರೆ ಈ ಅನ್ಯಾಯ ಬರೆಯುವವರ ಕಣ್ಣಿಗೇ ಬೀಳುತ್ತದೆ.

ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಮುಟ್ಟಿನ ರಜೆಯ ಆದೇಶ ಹೊರಡಿಸಿತು. 18ರಿಂದ 52 ವರ್ಷದ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ವೈದ್ಯರ ಚೀಟಿ ಕೇಳುವಂತಿಲ್ಲ. ಕಾರ್ಖಾನೆ, ಅಂಗಡಿ, ತೋಟ, ಬೀಡಿ ಉದ್ಯಮ, ಮೋಟಾರು ಸಾರಿಗೆ ಇದರ ವ್ಯಾಪ್ತಿಯಲ್ಲಿವೆ. ಹೋಟೆಲ್ ಮಾಲೀಕರ ಸಂಘವೂ ಸೇರಿ ಕೆಲವರು ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿದರು. ಈ ತಲೆನೋವೇ ಬೇಡ, ಹೆಂಗಸರನ್ನು ಕೆಲಸಕ್ಕೆ ಸೇರಿಸುವುದೇ ಬೇಡ ಎಂದು ಯಾರಾದರೂ ತೀರ್ಮಾನಿಸಿದರೆ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೂ ಭೇದ ಮಾಡಬಾರದು ಎಂದು ವೇತನ ಸಂಹಿತೆ ಹೇಳಿರುವುದು ಅವರಿಗೆ ನೆನಪಿರಲಿ.

ಒಂಬತ್ತರಲ್ಲೇ ನಿಲ್ಲುವ ಲೆಕ್ಕ

ಕಾನೂನಿನಲ್ಲಿ ಎಷ್ಟು ಜನ ಎಂಬುದು ಮುಖ್ಯ. ಕೂಲಿಯ ಕಾನೂನು ಒಬ್ಬರಿದ್ದರೂ ಅನ್ವಯ. ಹತ್ತು ಜನ ಆದರೆ ಇಎಸ್‌ಐ, ಗ್ರಾಚ್ಯುಟಿ, ಮತ್ತು ಸುರಕ್ಷತಾ ಸಂಹಿತೆ ಬರುತ್ತವೆ. ಆ ಸಂಹಿತೆಯಡಿ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಅಂಗಡಿಗಳಿಗೆ ನಮ್ಮ ರಾಜ್ಯದ ಕಾಯ್ದೆಯಲ್ಲಿ ಮೊದಲಿಂದಲೂ ನೇಮಕಾತಿ ಪತ್ರದ ನಿಯಮವಿದೆ. ಇಪ್ಪತ್ತು ಜನ ಆದರೆ ಪಿಎಫ್. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆ ಎಂದು ಎಣಿಸುವುದೂ ಈಗ ಇಪ್ಪತ್ತು ಜನರಿಂದ.

ಆದ್ದರಿಂದಲೇ ಹಲವರು ಪುಸ್ತಕದಲ್ಲಿ ಒಂಬತ್ತೇ ಜನರನ್ನು ತೋರಿಸುತ್ತಾರೆ. ಹತ್ತನೆಯವನು ಬಂದರೂ ಬರೆಯುವುದಿಲ್ಲ. ಉಳಿತಾಯ ಆಯಿತು ಅಂದುಕೊಳ್ಳುತ್ತಾರೆ. ಈ ಉಳಿತಾಯದ ಲೆಕ್ಕ ಒಮ್ಮೆ ಹಾಕೋಣ.

ಅಕ್ಕಿ ಗಿರಣಿಯಲ್ಲಿ 30 ವರ್ಷದ ಒಬ್ಬ ಕೆಲಸಗಾರ ಇದ್ದಾನೆ, ತಿಂಗಳಿಗೆ 15 ಸಾವಿರ ಸಂಬಳ ಎಂದಿಟ್ಟುಕೊಳ್ಳಿ. ಅವನಿಗೆ ಇಎಸ್‌ಐ ಮಾಡಿಸಿದರೆ ಮಾಲೀಕನ ಪಾಲು ಶೇ 3.25, ಅಂದರೆ ತಿಂಗಳಿಗೆ 488 ರೂಪಾಯಿ. ಕೆಲಸಗಾರನ ಪಾಲು ಶೇ 0.75, ಅಂದರೆ 113 ರೂಪಾಯಿ.

ಇಎಸ್‌ಐ ಇಲ್ಲ, ಒಂದು ದಿನ ಬೆಲ್ಟ್‌ಗೆ ಸಿಕ್ಕಿ ಅವನು ಸತ್ತ. ಆಗ ಪರಿಹಾರ ಮಾಲೀಕನೇ ಕೊಡಬೇಕು. ಕಾನೂನಿನ ಸೂತ್ರ ಹೀಗಿದೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಕಿ 207.98. ಸಂಬಳದ ಅರ್ಧ 7,500. ಗುಣಿಸಿದರೆ 15 ಲಕ್ಷ 59 ಸಾವಿರದ 850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಅರ್ಧದಷ್ಟು ಹಣ ದಂಡವಾಗಿ ಸೇರಬಹುದು.

ತಿಂಗಳಿಗೆ 488 ರೂಪಾಯಿ ಉಳಿಸಲು ಹೋಗಿ ಒಂದೇ ದಿನ ಹದಿನೈದೂವರೆ ಲಕ್ಷದ ಹೊರೆ. ಇಷ್ಟು ಹಣ ಎಷ್ಟು ಜನ ಸಣ್ಣ ಮಾಲೀಕರ ಬಳಿ ಇರುತ್ತದೆ? ಗಿರಣಿ ಮಾರಬೇಕು, ಇಲ್ಲ ಜಮೀನು ಅಡ ಇಡಬೇಕು. ಸಾಮಾನ್ಯವಾಗಿ ಆಗುವುದು ಇನ್ನೂ ಕೆಟ್ಟದ್ದು. ಊರ ಹಿರಿಯರನ್ನು ಕೂರಿಸಿ ಒಂದೋ ಎರಡೋ ಲಕ್ಷಕ್ಕೆ ರಾಜಿ ಮಾಡಿಸುತ್ತಾರೆ. ಸತ್ತವನ ಹೆಂಡತಿ ಮಕ್ಕಳಿಗೆ ಕಾನೂನಿನಂತೆ ಬರಬೇಕಾದ ಹಣ ಅಲ್ಲಿಗೆ ಮುಗಿಯುತ್ತದೆ. ಇಎಸ್‌ಐ ಇದ್ದಿದ್ದರೆ ಆ ಮನೆಗೆ ತಿಂಗಳು ತಿಂಗಳು ಪಿಂಚಣಿಯಂತೆ ಹಣ ಬರುತ್ತಿತ್ತು. ಮಾಲೀಕನ ಮನೆಯೂ ಉಳಿಯುತ್ತಿತ್ತು.

ಈ ಪರಿಹಾರದ ಕಾನೂನು ಹತ್ತು ಜನ ಇಲ್ಲದ ಕಡೆಯೂ ಅನ್ವಯಿಸುತ್ತದೆ ಎಂಬುದನ್ನು ಗಮನಿಸಿ. ಬೋರ್‌ವೆಲ್ ಕೊರೆಯುವವರು, ಟ್ರ್ಯಾಕ್ಟರ್‌ನಂತಹ ಯಂತ್ರ ಬಳಸಿ ಬೇಸಾಯ ಮಾಡುವ ಕಡೆ ದುಡಿಯುವವರು ಇದರ ಪಟ್ಟಿಯಲ್ಲಿದ್ದಾರೆ. ಹೊಸ ಸಂಹಿತೆಯಲ್ಲಿ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಆಗುವ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ಸಂಬಂಧ ಕಂಡುಬಂದರೆ, ಸೇರಿಸಲಾಗಿದೆ. ಟಾಟಾ ಏಸ್‌ನಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವ ಪದ್ಧತಿ ಇರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಹತ್ತು ಜನ ಇಲ್ಲದವರು ಏನು ಮಾಡಬೇಕು? ಎರಡು ದಾರಿ ಇವೆ. ಮಾಲೀಕ ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿದರೆ ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಬಹುದು, ಸಂಹಿತೆ ಅದಕ್ಕೆ ಬಾಗಿಲು ತೆರೆದಿದೆ. ಇಲ್ಲವೇ ವಿಮಾ ಕಂಪನಿಗಳಲ್ಲಿ ಕಾರ್ಮಿಕ ಪರಿಹಾರದ ಪಾಲಿಸಿ ಸಿಗುತ್ತದೆ, ಅದನ್ನು ಮಾಡಿಸಬಹುದು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಈ ಬಾಗಿಲು ಮೊದಲೇ ಹಾಕಬೇಕು.

ಮುಂಗಡ ಎಂಬ ಹಗ್ಗ

ಇಟ್ಟಿಗೆ ಗೂಡು, ಕಬ್ಬು ಕಟಾವು, ಕಾಫಿ ತೋಟ. ಈ ಮೂರೂ ಕಡೆ ಕೆಲಸ ನಡೆಯುವುದು ಮುಂಗಡದ ಮೇಲೆ. ಮೇಸ್ತ್ರಿ ದುಡ್ಡು ಒಯ್ದು ಜನರನ್ನು ಕರೆತರುತ್ತಾನೆ. ಅರ್ಧ ಸೀಸನ್‌ನಲ್ಲಿ ಅವರು ಬಿಟ್ಟು ಹೋದರೆ ಮಾಲೀಕನಿಗೆ ನಷ್ಟ. ಈ ಸಂಕಟ ನಿಜವಾದದ್ದು, ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಮುಂಗಡ ತೀರುವವರೆಗೆ ಹೋಗಬೇಡ ಎಂದು ತಡೆದರೆ, ಆಧಾರ್ ಕಾರ್ಡ್ ಇಟ್ಟುಕೊಂಡರೆ, ಮನೆಯವರನ್ನು ಗೂಡಿನಲ್ಲೇ ನಿಲ್ಲಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಈ ನಾಲ್ಕು ಸಂಹಿತೆಗಳಲ್ಲಿ ಸೇರಿಲ್ಲ, ಅದು ಬೇರೆಯಾಗಿ ಹಾಗೆಯೇ ಇದೆ. ಅದರಡಿ ಮೂರು ವರ್ಷದವರೆಗೆ ಜೈಲಾಗಬಹುದು. ಮುಂಗಡವನ್ನು ಕೂಲಿಯಲ್ಲಿ ಹಿಡಿಯಬಹುದು, ಆದರೆ ಎಲ್ಲ ಬಗೆಯ ಕಡಿತ ಸೇರಿ ಕೂಲಿಯ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.

ಮೇಸ್ತ್ರಿಗೆ ಕೊಟ್ಟಿದ್ದೇನೆ, ಅವನು ಹಂಚಿಲ್ಲದಿದ್ದರೆ ನಾನೇನು ಮಾಡಲಿ ಎಂಬ ಮಾತೂ ನಿಲ್ಲುವುದಿಲ್ಲ. ಮೇಸ್ತ್ರಿ ಕೊಡದಿದ್ದರೆ ಕೊನೆಗೆ ಹೊಣೆ ಕೆಲಸ ಮಾಡಿಸಿಕೊಂಡ ಮಾಲೀಕನದೇ. ಹಾಗಾಗಿ ಒಬ್ಬೊಬ್ಬರ ಹೆಸರಿಗೂ ಎಷ್ಟು ಮುಂಗಡ, ಎಷ್ಟು ಹಿಡಿದದ್ದು, ಎಷ್ಟು ಬಾಕಿ ಎಂದು ಬರೆದು ಅವರಿಗೇ ಒಂದು ಪ್ರತಿ ಕೊಡಿ. ಕೂಲಿಯನ್ನು ನೇರ ಅವರ ಕೈಗೆ ಕೊಡಿ. ಹತ್ತು ಅಥವಾ ಹೆಚ್ಚು ಹೊರರಾಜ್ಯದ ವಲಸೆ ಕಾರ್ಮಿಕರಿರುವ ಕಡೆ ಊರಿಗೆ ಹೋಗಿ ಬರುವ ಖರ್ಚನ್ನೂ ನಿಯಮದಂತೆ ಕೊಡಬೇಕು. ಲೆಕ್ಕ ಸರಿಯಾಗಿ ತೋರಿಸಿ, ಕೂಲಿ ಸರಿಯಾಗಿ ಕೊಡುವ ಗೂಡಿಗೆ ಮುಂದಿನ ವರ್ಷ ಜನ ತಾವಾಗಿಯೇ ಬರುತ್ತಾರೆ. ಮುಂಗಡದ ಹಗ್ಗದಿಂದ ಕಟ್ಟಿ ತರಬೇಕಾಗಿಲ್ಲ.

ಬರೆದಿಟ್ಟವರಿಗೆ ಬರುವ ಹಣ

ದಂಡದ ಮಾತು ಸಾಕು, ಲಾಭದ ಮಾತೂ ಇದೆ. ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಕೆಲಸಗಳಿಗೆ ಅನ್ವಯಿಸುತ್ತದೆ. ಪಿಎಫ್ ನೋಂದಣಿ ಇರುವ ಸಂಸ್ಥೆ ಹೊಸಬರನ್ನು ಸೇರಿಸಿಕೊಂಡು ಆರು ತಿಂಗಳಾದರೂ ಉಳಿಸಿಕೊಂಡರೆ ಪ್ರತಿ ಹೊಸ ಉದ್ಯೋಗಿಗೆ ತಿಂಗಳಿಗೆ 3 ಸಾವಿರದವರೆಗೆ ಎರಡು ವರ್ಷ ಮಾಲೀಕನಿಗೆ ಸಿಗುತ್ತದೆ. 50ಕ್ಕಿಂತ ಕಡಿಮೆ ಜನ ಇರುವ ಕಡೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಬೇಕು.

15 ಸಾವಿರ ಸಂಬಳದವನಿಗೆ ಮಾಲೀಕನ ಪಿಎಫ್ ಪಾಲು ಶೇ 12ರಂತೆ 1,800 ರೂಪಾಯಿ, ಮೇಲೆ ಒಂದಿಷ್ಟು ಶುಲ್ಕ. ಈ ಯೋಜನೆಯಲ್ಲಿ 10 ಸಾವಿರ ದಾಟಿ 20 ಸಾವಿರದವರೆಗಿನ ಸಂಬಳಕ್ಕೆ ಮಾಲೀಕನಿಗೆ ಬರುವುದು ತಿಂಗಳಿಗೆ 2 ಸಾವಿರ. ಅಂದರೆ ಎರಡು ವರ್ಷ ಪಿಎಫ್ ಹೊರೆ ಬಹುಮಟ್ಟಿಗೆ ಸರ್ಕಾರದ ಹಣದಲ್ಲೇ ಕಳೆಯುತ್ತದೆ. ಮೊದಲ ಸಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೂ ಎರಡು ಕಂತಿನಲ್ಲಿ 15 ಸಾವಿರದವರೆಗೆ ಸಿಗುತ್ತದೆ. ಪುಸ್ತಕದಲ್ಲಿ ಹೆಸರೇ ಇಲ್ಲದವರಿಗೆ, ಅವರ ಮಾಲೀಕರಿಗೆ ಇದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ.

ಒಂದು ವರ್ಷಕ್ಕೆ ಎಂದು ಗೊತ್ತುಪಡಿಸಿ ಶಿಕ್ಷಕರನ್ನೋ ನರ್ಸ್‌ಗಳನ್ನೋ ತೆಗೆದುಕೊಳ್ಳುವ ಸಂಸ್ಥೆಗಳು ಇನ್ನೊಂದು ವಿಷಯ ತಿಳಿದಿರಬೇಕು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲೆ ಬಂದವರಿಗೆ ಈಗ ಒಂದು ವರ್ಷ ಸಾಕು. ಐದು ವರ್ಷ ತುಂಬದಂತೆ ನೋಡಿಕೊಂಡು ಗ್ರಾಚ್ಯುಟಿ ತಪ್ಪಿಸುವ ಹಳೆಯ ಉಪಾಯಕ್ಕೆ ಇಲ್ಲಿ ಬೆಲೆಯಿಲ್ಲ. ಮೂಲ ವೇತನವನ್ನು ಸಣ್ಣದು ಮಾಡಿ ಉಳಿದದ್ದನ್ನು ಭತ್ಯೆ ಎಂದು ತೋರಿಸುವ ಉಪಾಯವೂ ಅಷ್ಟೇ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು.

ಸರ್ಕಾರಕ್ಕೂ ಒಂದು ಮಾತು

ಇಷ್ಟೆಲ್ಲ ಮಾಲೀಕರಿಗೆ ಹೇಳಿ ಸರ್ಕಾರವನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

ಈ ಸಂಹಿತೆಗಳಲ್ಲಿ ದೊಡ್ಡವರಿಗೆ ಸಿಕ್ಕ ಸಡಿಲಿಕೆ ದೊಡ್ಡದು. ಕಾರ್ಮಿಕರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಮೊದಲು 100 ಜನ ಇದ್ದ ಕಡೆಯೇ ಸರ್ಕಾರದ ಅನುಮತಿ ಬೇಕಿತ್ತು. ಈಗ 300 ಜನ ಇದ್ದರೆ ಮಾತ್ರ. ಗುತ್ತಿಗೆ ಕಾರ್ಮಿಕರ ಕಾನೂನು 20 ಜನರಿಂದ 50 ಜನರಿಗೆ ಏರಿತು. ಮುಷ್ಕರಕ್ಕೆ ಮಾತ್ರ 14 ದಿನದ ನೋಟಿಸ್ ಎಲ್ಲ ಕೈಗಾರಿಕೆಗಳಿಗೂ ಬಂತು. ಇದನ್ನು ವಿರೋಧಿಸಿ ಕೇಂದ್ರ ಕಾರ್ಮಿಕ ಸಂಘಟನೆಗಳ ಜಂಟಿ ವೇದಿಕೆ 2025ರ ನವೆಂಬರ್ 26ರಂದು ದೇಶದಾದ್ಯಂತ ಪ್ರತಿಭಟಿಸಿತು. ಅವರ ಆತಂಕದಲ್ಲಿ ಹುರುಳಿದೆ ಎಂದೇ ನಮ್ಮ ಭಾವನೆ.

ಸಣ್ಣ ಮಾಲೀಕನಿಗೆ ಆ ಸಡಿಲಿಕೆಯಿಂದ ಏನೂ ಬರಲಿಲ್ಲ. ಅವನ ಪಾಲಿಗೆ ಬಂದದ್ದು ಫಾರಂ ಮತ್ತು ಪೋರ್ಟಲ್. ಇಂಗ್ಲಿಷ್ ಓದಲು ಬಾರದ ಹೋಟೆಲ್ ಮಾಲೀಕ ತಾಲ್ಲೂಕು ಕೇಂದ್ರದ ಕನ್ಸಲ್ಟೆಂಟ್ ಕೇಳಿದಷ್ಟು ಕೊಟ್ಟು ಸುಮ್ಮನಾಗುತ್ತಾನೆ. ಇಎಸ್‌ಐಗೆ ಹಣ ಕಟ್ಟಿದರೂ ಆಸ್ಪತ್ರೆ ಜಿಲ್ಲಾ ಕೇಂದ್ರದಲ್ಲೋ ಅದಕ್ಕೂ ದೂರವೋ ಇದ್ದರೆ ಕೆಲಸಗಾರನಿಗೆ ಆ 113 ರೂಪಾಯಿ ವ್ಯರ್ಥ ಅನ್ನಿಸುವುದು ಸಹಜ. ಅವನೇ ಬಂದು ನನ್ನ ಹೆಸರು ತೆಗೆದುಬಿಡಿ ಅಂದರೆ ಆಶ್ಚರ್ಯವೇನಿಲ್ಲ.

ಆದ್ದರಿಂದ ನಾವು ಕೇಳುವುದು ಮೂರು. ನೇಮಕಾತಿ ಪತ್ರ, ಸಂಬಳ ಚೀಟಿ, ಹಾಜರಿ ಪುಸ್ತಕದ ಮಾದರಿಗಳು ಒಂದೊಂದು ಪುಟದಲ್ಲಿ, ಸರಳ ಕನ್ನಡದಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ ಸಿಗಲಿ. ಪ್ರತಿ ಏಪ್ರಿಲ್‌ನಲ್ಲಿ ಆ ವರ್ಷದ ಕನಿಷ್ಠ ಕೂಲಿಯ ಪಟ್ಟಿ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಬರಲಿ. ಇಎಸ್‌ಐ ವಂತಿಗೆ ಸಂಗ್ರಹಿಸುವ ತಾಲ್ಲೂಕಿನಲ್ಲೇ ಚಿಕಿತ್ಸೆಯೂ ಸಿಗುವಂತಾಗಲಿ. ಹೊಸ ಕಾನೂನಿನಲ್ಲಿ ಇನ್‌ಸ್ಪೆಕ್ಟರ್‌ಗೆ ಫೆಸಿಲಿಟೇಟರ್ ಎಂಬ ಹೆಸರೂ ಸೇರಿದೆ, ಅಂದರೆ ದಾರಿ ತೋರಿಸುವವನು. ಲೆಕ್ಕ, ಚೀಟಿಯಂತಹ ಕೆಲವು ತಪ್ಪುಗಳಿಗೆ ಕೇಸು ಹಾಕುವ ಮೊದಲು ಸರಿಪಡಿಸಲು ಸಮಯ ಕೊಡಬೇಕು ಎಂದೂ ಇದೆ. ಆ ಹೆಸರಿಗೆ ತಕ್ಕ ಕೆಲಸ ಊರುಗಳಲ್ಲಿ ಕಾಣಬೇಕು.

ಈ ವಾರ ಏನು ಮಾಡಬಹುದು?

ಸರ್ಕಾರ ಬದಲಾಗುವವರೆಗೆ ಕಾಯಬೇಕಿಲ್ಲ. ನಿಮ್ಮಲ್ಲಿ ಕೆಲಸ ಮಾಡುವವರ ಹೆಸರು ಒಂದು ಪುಸ್ತಕದಲ್ಲಿ ಬರೆಯಿರಿ, ಒಬ್ಬರನ್ನೂ ಬಿಡಬೇಡಿ. ಪ್ರತಿಯೊಬ್ಬರಿಗೂ ಒಂದು ಪುಟದ ನೇಮಕಾತಿ ಪತ್ರ ಕೊಡಿ: ಕೆಲಸ ಏನು, ಸಂಬಳ ಎಷ್ಟು, ರಜೆ ಯಾವಾಗ. ಕೊಟ್ಟ ಹಣಕ್ಕೆಲ್ಲ ಸಹಿ ಪಡೆಯಿರಿ. ಯಂತ್ರ ಇದ್ದರೆ, ವಾಹನ ಇದ್ದರೆ, ಈ ತಿಂಗಳೇ ಇಎಸ್‌ಐ ಅಥವಾ ವಿಮೆ ವಿಚಾರಿಸಿ. ಸಂದೇಹ ಇದ್ದರೆ ರಾಜ್ಯದ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ, ಮಾಲೀಕರೂ ಕೇಳಬಹುದು, ಕೆಲಸಗಾರರೂ ಕೇಳಬಹುದು.

ನಮ್ಮವನೇ, ಮನೆ ಹುಡುಗನ ತರಹ, ಅವನಿಗೆ ಕಾಗದ ಯಾಕೆ ಎಂದು ಹಲವರು ಹೇಳುತ್ತಾರೆ. ಆ ಮಾತಿನಲ್ಲಿರುವ ಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಮನೆ ಮಕ್ಕಳಿಗೂ ನಾವು ಆಸ್ತಿಯನ್ನು ಬಾಯಿಮಾತಿನಲ್ಲಿ ಕೊಡುವುದಿಲ್ಲ, ಪತ್ರ ಮಾಡಿಸುತ್ತೇವೆ. ಹತ್ತು ವರ್ಷ ನಿಮ್ಮ ಗಿರಣಿಯಲ್ಲಿ ದುಡಿದವನ ಹೆಸರು ಒಂದು ಪುಸ್ತಕದಲ್ಲಾದರೂ ಇರಲಿ.